ತಾಮ್ರದ ಬಿಂದಿಗೆಗೆ ಬಂದ ಅಪವಾದ



ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿಗೆ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆಂದು ಬರೆದಿದ್ದೆ. ಈ ಸಲ ಹಪ್ಪಳ ಸಂಡಿಗೆಯ ಮಾತು ಅಂದುಕೊಂಡು ಕೂತವಳು ನಾನು. ಆದರೆ ನಮ್ಮ ಬೀದಿಯಲ್ಲಿ ನಡೆದ ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ. ಅದನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ. ಹಪ್ಪಳ ಮುಂದಿನ ಸಲಕ್ಕಿರಲಿ. ಓದುತ್ತಾ ಹೋದರೆ ಅಡಿಗೆಮನೆಗೆ ಬೇಕಾದ ವಿಷಯವೂ ಇದರಲ್ಲಿ ಸಿಗುತ್ತದೆ.

ನಮ್ಮ ಎದುರು ಮನೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ನಿವೃತ್ತರಾದ ಮೇಲೂ ಬೀದಿಯ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ಟವರು. ನನ್ನ ಮಗನಿಗೂ ಹತ್ತನೇ ತರಗತಿ ದಾಟಿಸಿದ ಪುಣ್ಯಾತ್ಮರು. ಹೋದ ವರ್ಷ ದಸರಾ ಕಳೆಯುತ್ತಲೇ ಅವರಿಗೆ ಮರೆವು ಶುರುವಾಯಿತು. ವಯಸ್ಸಾದವರಿಗೆ ಇದ್ದದ್ದೇ ಅಂದುಕೊಂಡೆವು. ತಿಂಗಳೊಳಗೆ ನಡಿಗೆ ತಪ್ಪತೊಡಗಿತು. ಮಲಗಿದ್ದವರು ಇದ್ದಕ್ಕಿದ್ದಂತೆ ಮೈ ಬೆಚ್ಚಿ ಬೀಳುತ್ತಿದ್ದರು. ಆಮೇಲೆ ಮಾತೇ ನಿಂತಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಿ, ಕ್ರಾಯ್‌ಟ್ಸ್‌ಫೆಲ್ಟ್ ಯಾಕೋಬ್ ಕಾಯಿಲೆ ಎಂದರಂತೆ. ಚಿಕ್ಕದಾಗಿ ಸಿ.ಜೆ.ಡಿ. ಅನ್ನುತ್ತಾರೆ. ಔಷಧಿಯಿಲ್ಲ, ಮನೆಯಲ್ಲೇ ಪ್ರೀತಿಯಿಂದ ನೋಡಿಕೊಳ್ಳಿ ಎಂದು ಕಳಿಸಿಕೊಟ್ಟರು. ಯುಗಾದಿಗೆ ಮೊದಲೇ ಮೇಷ್ಟ್ರು ಹೋಗಿಬಿಟ್ಟರು.

ಇಲ್ಲಿಯವರೆಗಿನದು ದೇವರ ಇಚ್ಛೆ ಎನ್ನಬಹುದು. ಮುಂದಿನದು ನಮ್ಮ ಕೈಯಾರೆ ಆದದ್ದು.

ಯಾರೋ ಫೋನಿನಲ್ಲಿ ನೋಡಿ "ಇದು ಹುಚ್ಚು ದನದ ಕಾಯಿಲೆಯಂತೆ, ಅಂಟುತ್ತದಂತೆ" ಎಂದು ಬೀದಿಗೆಲ್ಲ ಹಬ್ಬಿಸಿದರು. ಹಾಲಿನವನು ಅವರ ಗೇಟಿನ ಹೊರಗೇ ಹಾಲಿನ ಕವರು ಇಟ್ಟು ಹೋಗತೊಡಗಿದ. ಪಾತ್ರೆ ತೊಳೆಯುವವಳು ಕೆಲಸ ಬಿಟ್ಟಳು. ತಿಥಿಯ ದಿನ ಐವತ್ತು ಎಲೆಗೆ ಅಡಿಗೆ ಮಾಡಿಸಿದ್ದರು. ಹದಿನೈದು ಎಲೆಯೂ ತುಂಬಲಿಲ್ಲ. ಇನ್ನು ನಾನು? ಅವತ್ತು "ತಲೆನೋವು" ಎಂದು ಮನೆಯಲ್ಲೇ ಉಳಿದೆ. ನಮ್ಮವರನ್ನೂ ಕಳಿಸಲಿಲ್ಲ. ತಲೆಯೂ ನೋಯುತ್ತಿರಲಿಲ್ಲ, ಏನೂ ಇಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳಿ ಏನು ಪ್ರಯೋಜನ? ಹೆದರಿದ್ದೆ.

ಇದಾಗಿ ತಿಂಗಳಿಗೆ ಮೇಷ್ಟ್ರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. ನಾನು ಅವರನ್ನು ಅಕ್ಕ ಅನ್ನುತ್ತೇನೆ. ಹೊಸಿಲಾಚೆಯೇ ನಿಂತು ಕೇಳಿದರು:

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ ಕಣಮ್ಮ. ನೀನು ಪೇಪರಿಗೆಲ್ಲ ಬರೀತೀಯ, ನಾಲ್ಕು ಓದಿದೀಯ. ತಾಮ್ರದ ಬಿಂದಿಗೆ ನೀರು ಕುಡಿಸಿದ್ದಕ್ಕೇ ಅವರಿಗೆ ಹೀಗಾಯ್ತಾ?"

ಅವರ ನಾದಿನಿ ಎಲ್ಲೋ ಓದಿದ್ದರಂತೆ, ಈ ಕಾಯಿಲೆಗೂ ತಾಮ್ರಕ್ಕೂ ಸಂಬಂಧವಿದೆಯೆಂದು. "ನಿನ್ನ ತವರಿನ ಬಿಂದಿಗೆಯೇ ನನ್ನ ಅಣ್ಣನನ್ನು ನುಂಗಿತು" ಎಂದು ಎಲ್ಲರ ಎದುರಿಗೇ ಅಂದುಬಿಟ್ಟರಂತೆ. ಮೂವತ್ತೈದು ವರ್ಷ ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿದ ಬಿಂದಿಗೆ ಅದು. ಅಕ್ಕ ಅದನ್ನು ಗುಜರಿಯವನಿಗೆ ಹಾಕಿಬಿಟ್ಟಿದ್ದರು.

"ಇಲ್ಲ ಅಕ್ಕ, ಹಾಗೇನಿಲ್ಲ" ಎಂದೆ. ಆದರೆ ಇಲ್ಲ ಅನ್ನುವುದಕ್ಕೆ ನನಗೇನು ಗೊತ್ತಿತ್ತು? ಎಸ್ಸೆಸ್ಸೆಲ್ಸಿ ಓದಿದವಳು ನಾನು. ಆ ರಾತ್ರಿಯೇ ನನ್ನ ಅಣ್ಣನ ಮಗಳಿಗೆ ಫೋನ್ ಮಾಡಿದೆ. ಅವಳು ಜೀವರಸಾಯನ ಶಾಸ್ತ್ರ ಓದಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಭಾನುವಾರ ಬಂದು ಎರಡು ಗಂಟೆ ಕೂತು ಬಿಡಿಸಿ ಹೇಳಿದಳು. ಅಕ್ಕನನ್ನೂ ಕರೆಸಿದ್ದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಮಾತು. ನಮ್ಮ ಮೈಯಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳಿವೆ. ಒಂದೊಂದಕ್ಕೂ ಒಂದೊಂದು ಮಡಿಕೆಯ ಲೆಕ್ಕ. ನಾವು ಸೀರೆಗೆ ನೆರಿಗೆ ಹಿಡಿಯುವುದಿಲ್ಲವೇ, ಹಾಗೆ. ನೆರಿಗೆ ಸರಿಯಾಗಿದ್ದರೆ ಸೀರೆ ನಿಲ್ಲುತ್ತದೆ, ತಪ್ಪಿದರೆ ಕಾಲಿಗೆ ತೊಡರುತ್ತದೆ. ಮಿದುಳಿನಲ್ಲಿ ಪ್ರಿಯಾನ್ ಪ್ರೋಟೀನ್ ಎಂಬುದೊಂದಿದೆ. ನನಗೂ ನಿಮಗೂ ಎಲ್ಲರಿಗೂ ಇದೆ. ಅದು ಮಡಿಕೆ ತಪ್ಪಿತೆಂದರೆ, ಪಕ್ಕದಲ್ಲಿರುವ ಸರಿಯಾದ ಪ್ರೋಟೀನನ್ನೂ ತನ್ನಂತೆಯೇ ಮಡಿಕೆ ತಪ್ಪಿಸುತ್ತದೆ. ಅದು ಇನ್ನೊಂದನ್ನು, ಇನ್ನೊಂದು ಮತ್ತೊಂದನ್ನು. ಒಂದು ಚಮಚ ಹೆಪ್ಪು ಹಾಕಿದರೆ ಪಾತ್ರೆ ಹಾಲೆಲ್ಲ ಮೊಸರಾದಂತೆ ಅನ್ನಿ. ಆದರೆ ಹೆಪ್ಪಿನಲ್ಲಿ ಜೀವಾಣುಗಳಿರುತ್ತವೆ, ಇಲ್ಲಿ ಜೀವಾಣುವೂ ಇಲ್ಲ, ವೈರಸ್ಸೂ ಇಲ್ಲ, ಬರೀ ಪ್ರೋಟೀನು. ಕೊನೆಗೆ ಮಿದುಳು ಸ್ಪಂಜಿನ ಹಾಗೆ ತೂತು ತೂತಾಗುತ್ತದೆ.

ಇದನ್ನು ಹೇಳಿದವರು ಅಮೆರಿಕದ ಸ್ಟ್ಯಾನ್ಲಿ ಪ್ರುಸಿನರ್. 1972ರಲ್ಲಿ ಅವರ ಆರೈಕೆಯಲ್ಲಿದ್ದ ಒಬ್ಬ ರೋಗಿ ಇದೇ ಕಾಯಿಲೆಯಿಂದ ತೀರಿಕೊಂಡರು. ಅಂದಿನಿಂದ ಅವರು ಇದರ ಬೆನ್ನು ಹತ್ತಿದರು. 1982ರಲ್ಲಿ 'ಪ್ರಿಯಾನ್' ಎಂಬ ಹೆಸರಿಟ್ಟು ಬರೆದಾಗ, ಜೀವವಿಲ್ಲದ ಪ್ರೋಟೀನು ಕಾಯಿಲೆ ತರುವುದುಂಟೇ ಎಂದು ಬಹಳ ಜನ ವಿಜ್ಞಾನಿಗಳು ಒಪ್ಪಲಿಲ್ಲ. 1997ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಇದಕ್ಕೂ ಹಿಂದಿನ ಕಥೆಯೊಂದಿದೆ. ಅದನ್ನು ಕೇಳಿದಾಗ ನನಗೆ ನಮ್ಮ ಬೀದಿಯೇ ಕಣ್ಣಿಗೆ ಕಟ್ಟಿತು. ಪಾಪುವಾ ನ್ಯೂಗಿನಿಯ ಬೆಟ್ಟಸೀಮೆಯಲ್ಲಿ ಫೋರೆ ಎಂಬ ಜನ. ಅವರಲ್ಲಿ 'ಕುರು' ಎಂಬ ಕಾಯಿಲೆ ಇತ್ತು. ಕುರು ಅಂದರೆ ಅವರ ಮಾತಿನಲ್ಲಿ ನಡುಕ. ಹೆಚ್ಚಾಗಿ ಸಾಯುತ್ತಿದ್ದವರು ಹೆಂಗಸರು, ಮಕ್ಕಳು. ಯಾರೋ ಮಾಟ ಮಾಡಿದ್ದಾರೆಂದು ಊರವರು ಒಬ್ಬರನ್ನೊಬ್ಬರು ದೂಷಿಸುತ್ತಿದ್ದರು. 1957ರಲ್ಲಿ ಕಾರ್ಲ್‌ಟನ್ ಗೈಡುಸೆಕ್ ಮತ್ತು ವಿನ್ಸೆಂಟ್ ಜಿಗಾಸ್ ಎಂಬ ವೈದ್ಯರು ಅದರ ಬಗ್ಗೆ ಹೊರಜಗತ್ತಿಗೆ ಬರೆದರು. ಆಮೇಲೆ ತಿಳಿದದ್ದು: ಆ ಜನರಲ್ಲಿ ಸತ್ತವರ ದೇಹವನ್ನು ಬಂಧುಗಳು ತಿನ್ನುವ ಪದ್ಧತಿಯಿತ್ತು. ಕ್ರೌರ್ಯದಿಂದಲ್ಲ, ಸತ್ತವರ ಮೇಲಿನ ಪ್ರೀತಿಯಿಂದ. ಮಿದುಳಿನ ಭಾಗ ಹೆಂಗಸರು ಮಕ್ಕಳ ಪಾಲಿಗೆ ಬರುತ್ತಿತ್ತು. ಆ ಪದ್ಧತಿ ನಿಂತ ಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ. ಮಾಟವೂ ಇರಲಿಲ್ಲ, ಮಂತ್ರವೂ ಇರಲಿಲ್ಲ.

ಹುಚ್ಚು ದನದ ಕಾಯಿಲೆಯೂ ಇದೇ ಜಾತಿಯದು. 1986ರಲ್ಲಿ ಇಂಗ್ಲೆಂಡಿನಲ್ಲಿ ಗುರುತಿಸಿದರು. ಹುಲ್ಲು ತಿನ್ನುವ ದನಕ್ಕೆ, ಸತ್ತ ಪ್ರಾಣಿಗಳ ಮಾಂಸ ಮೂಳೆಯ ಪುಡಿಯನ್ನು ಮೇವಿನಲ್ಲಿ ಬೆರೆಸಿ ತಿನ್ನಿಸಿದ್ದೇ ಅದು ಹಬ್ಬಲು ಕಾರಣ. ಅಂಥ ದನದ ಮಾಂಸದಿಂದ ಮನುಷ್ಯರಿಗೂ ಬಂದದ್ದು 1996ರಲ್ಲಿ ಬಯಲಾಯಿತು. ಬ್ರಿಟನ್ನಿನಲ್ಲಿ ಅದಕ್ಕೆ ತುತ್ತಾದವರು 178 ಜನ. ಆದರೆ ಅದು ಸಿ.ಜೆ.ಡಿ.ಯ ಬೇರೊಂದು ಬಗೆ. ನಮ್ಮ ಮೇಷ್ಟ್ರಿಗೆ ಬಂದದ್ದು ಅದಲ್ಲ. ಭಾರತದಲ್ಲಿ ದನಗಳಿಗೆ ಆ ಕಾಯಿಲೆಯ ಅಪಾಯ ತೀರಾ ಕಡಿಮೆಯೆಂದು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ 2010ರಲ್ಲೇ ಮಾನ್ಯ ಮಾಡಿದೆ. ಹಾಲು ಮೊಸರಿಗೆ ಹೆದರಬೇಕಾಗಿಲ್ಲ.

ಹಾಗಾದರೆ ಮೇಷ್ಟ್ರಿಗೆ ಯಾಕೆ ಬಂತು? ಸಿ.ಜೆ.ಡಿ. ಬರುವ ನೂರು ಜನರಲ್ಲಿ ಸುಮಾರು 85 ಜನರಿಗೆ ಅದು ತನ್ನಷ್ಟಕ್ಕೇ ಬರುತ್ತದೆ. ತಿಂದದ್ದರಿಂದಲ್ಲ, ಕುಡಿದದ್ದರಿಂದಲ್ಲ, ಯಾರ ತಪ್ಪಿನಿಂದಲೂ ಅಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ. ಹತ್ತು ಹದಿನೈದು ಜನರಿಗೆ ವಂಶದಿಂದ ಬರಬಹುದು. ಉಳಿದ ತೀರಾ ಕೆಲವರಿಗೆ ಶಸ್ತ್ರಚಿಕಿತ್ಸೆ ಮುಂತಾದವುಗಳಿಂದ ಬಂದದ್ದುಂಟು. ಅದಕ್ಕಾಗಿಯೇ ಇಂಥ ರೋಗಿಯಿದ್ದರೆ ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರಿಗೆ ಕಡ್ಡಾಯವಾಗಿ ತಿಳಿಸಬೇಕು. ರೋಗಿಯ ರಕ್ತ, ಕಣ್ಣು ದಾನಕ್ಕೆ ತೆಗೆದುಕೊಳ್ಳುವುದಿಲ್ಲ.

ಆದರೆ ಸೋದರಿಯರೇ, ಇದನ್ನು ಚೆನ್ನಾಗಿ ನೆನಪಿಡಿ. ಮುಟ್ಟಿದರೆ ಅಂಟುವುದಿಲ್ಲ. ಕೆಮ್ಮು ಸೀನಿನಿಂದ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಸ್ನಾನ ಮಾಡಿಸಿದರೆ, ಬಟ್ಟೆ ಒಗೆದರೆ ಅಂಟುವುದಿಲ್ಲ. ಅಣ್ಣನ ಮಗಳು ಇದನ್ನು ಹೇಳುವಾಗ ನಾನು ತಲೆ ತಗ್ಗಿಸಿ ಕೂತಿದ್ದೆ. ಆ ದಿನದ ಖಾಲಿ ಎಲೆಗಳು ಕಣ್ಣ ಮುಂದೆ ಬಂದವು.

ಈಗ ತಾಮ್ರದ ಮಾತಿಗೆ ಬರೋಣ. ನಾದಿನಿ ಓದಿದ್ದು ಪೂರ್ತಿ ಸುಳ್ಳೇನೂ ಅಲ್ಲ, ಅರ್ಧ ಓದಿದ್ದು ಅಷ್ಟೇ. ಮುಂದೆ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಡೇವಿಡ್ ಬ್ರೌನ್ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು 1997ರಲ್ಲಿ ಒಂದು ವಿಷಯ ಕಂಡುಹಿಡಿದರು. ಆರೋಗ್ಯವಾದ ಪ್ರಿಯಾನ್ ಪ್ರೋಟೀನು ಮಿದುಳಿನಲ್ಲಿ ತಾಮ್ರವನ್ನು ಹಿಡಿದುಕೊಳ್ಳುತ್ತದಂತೆ. ಅಂದರೆ ತಾಮ್ರ ಅದಕ್ಕೆ ಶತ್ರುವಲ್ಲ, ಜೊತೆಗಾರ. ಆಮೇಲೆ ಪ್ರಯೋಗಶಾಲೆಯಲ್ಲಿ ತಾಮ್ರದ ಜಾಗದಲ್ಲಿ ಮ್ಯಾಂಗನೀಸ್ ಎಂಬ ಇನ್ನೊಂದು ಲೋಹ ಕೂರಿಸಿದಾಗ ಪ್ರೋಟೀನಿನ ಆಕಾರ ಕೆಡುವುದನ್ನು ನೋಡಿದರು.

ಇಂಗ್ಲೆಂಡಿನಲ್ಲೇ ಮಾರ್ಕ್ ಪರ್ಡಿ ಎಂಬ ಹೈನುಗಾರರಿದ್ದರು. ವಿಜ್ಞಾನಿಯಲ್ಲ, ನಮ್ಮ ನಿಮ್ಮಂತೆ ದನ ಕಟ್ಟಿ ಹಾಲು ಕರೆದವರು. ಮಣ್ಣಿನಲ್ಲಿ ತಾಮ್ರ ಕಡಿಮೆಯಾಗಿ ಮ್ಯಾಂಗನೀಸ್ ಹೆಚ್ಚಾದದ್ದು, ದನದ ಬೆನ್ನಿಗೆ ಸುರಿದ ಕೀಟನಾಶಕ, ಇವುಗಳಿಂದಲೇ ಹುಚ್ಚು ದನದ ಕಾಯಿಲೆ ಬಂತೆಂದು ಅವರ ವಾದ. ದೇಶ ದೇಶ ಸುತ್ತಿ ಮಣ್ಣು ತಂದು ಪರೀಕ್ಷೆ ಮಾಡಿಸಿದರು. 2006ರಲ್ಲಿ ತೀರಿಕೊಂಡರು. ಅವರ ಛಲ ದೊಡ್ಡದು. ಆದರೆ ಅವರ ವಾದವನ್ನು ವಿಜ್ಞಾನಿಗಳು ಒಪ್ಪಲಿಲ್ಲ. ಮಾಂಸ ಮೂಳೆಯ ಪುಡಿಯ ಮೇವು ನಿಲ್ಲಿಸಿದ ಮೇಲೆ ಕೆಲವು ವರ್ಷಗಳಲ್ಲಿ ಕಾಯಿಲೆ ಇಳಿಯುತ್ತಾ ಬಂದದ್ದೇ ಅದಕ್ಕೆ ದೊಡ್ಡ ಉತ್ತರ.

"ಪ್ರಯೋಗಶಾಲೆಯ ಗಾಜಿನ ನಳಿಗೆಯಲ್ಲಿ ಆದದ್ದೆಲ್ಲ ಮನುಷ್ಯನ ಮಿದುಳಿನಲ್ಲಿ ಹಾಗೇ ಆಗುತ್ತೆ ಅಂತಲ್ಲ, ಅತ್ತೆ. ಬಿಂದಿಗೆ ನೀರು ಕುಡಿದು ಈ ಕಾಯಿಲೆ ಬಂತು ಅನ್ನೋದಕ್ಕೆ ಒಂದು ಆಧಾರವೂ ಇಲ್ಲ" ಎಂದಳು ಹುಡುಗಿ. ಅಕ್ಕ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಸುಮ್ಮನೆ ಕೂತಿದ್ದರು. ಎಷ್ಟೋ ಹೊತ್ತಿನ ಮೇಲೆ, "ಹಾಗಾದರೆ ನಾನಲ್ಲ" ಎಂದರು. ಅಷ್ಟೇ ಮಾತು.

ತಾಮ್ರದ ವಿಷಯದಲ್ಲಿ ನಾವು ನಿಜವಾಗಿಯೂ ತಿಳಿಯಬೇಕಾದ ಸಂಗತಿ ಬೇರೆಯೇ ಇದೆ. ಹಿಂದೆ ನಮ್ಮ ದೇಶದಲ್ಲಿ ಎಳೆ ಮಕ್ಕಳಿಗೆ ಯಕೃತ್ತು ಗಟ್ಟಿಯಾಗಿ ಸಾಯುವ ಒಂದು ಕಾಯಿಲೆಯಿತ್ತು. ಪುಣೆಯ ವೈದ್ಯರಾದ ಶೀಲಾ ಭಾವೆ, ಆನಂದ ಪಂಡಿತ್ ಮತ್ತು ಇಂಗ್ಲೆಂಡಿನ ಸ್ಟುವರ್ಟ್ ಟ್ಯಾನರ್ ಮನೆಮನೆಯ ಅಭ್ಯಾಸ ವಿಚಾರಿಸಿ 1983ರಲ್ಲಿ ಬರೆದರು: ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲನ್ನು ಹಸುಗೂಸಿಗೆ ಕುಡಿಸಿದ್ದರಿಂದ ತಾಮ್ರ ಮೈಸೇರಿ ಹೀಗಾಗಿರಬಹುದು. ಹಾಲು ತಾಮ್ರವನ್ನು ಎಳೆದುಕೊಳ್ಳುತ್ತದೆ. ಆ ಪಾತ್ರೆಗಳು ಹೋಗಿ ಸ್ಟೀಲು ಬಂದಂತೆ ಆ ಕಾಯಿಲೆಯೂ ಅಪರೂಪವಾಯಿತು. ನಮ್ಮ ಅಜ್ಜಿಯರು ವರ್ಷಕ್ಕೊಮ್ಮೆ ಕಲಾಯಿಯವನನ್ನು ಕೂಗಿ ಅಂಗಳದಲ್ಲಿ ಕೂರಿಸಿಕೊಳ್ಳುತ್ತಿದ್ದದ್ದು ಬರೀ ಹೊಳಪಿಗಲ್ಲ ಅನ್ನಿ.

ಎಲ್ಲವೂ ಅಳತೆಯ ಮಾತು. ಅಡಿಗೆಗೆ ಇಂಗು ಹೇಗೋ ಮೈಗೆ ಈ ಲೋಹಗಳು ಹಾಗೆ. ಚಿಟಿಕೆ ಬೇಕು, ಹಿಡಿ ಬೇಡ. ದೊಡ್ಡವರ ಮೈಯಲ್ಲಿರುವ ಕಬ್ಬಿಣವೆಲ್ಲ ಸೇರಿದರೆ ಮೂರು ನಾಲ್ಕು ಗ್ರಾಂ. ಸತುವು ಎರಡು ಗ್ರಾಂ. ತಾಮ್ರ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಅಯೋಡಿನ್ ಅದಕ್ಕಿಂತಲೂ ಕಡಿಮೆ. ಇಷ್ಟರ ಮೇಲೆ ನಮ್ಮ ಬಾಳು ನಿಂತಿದೆ. ಅದಕ್ಕೇ ಕೆಲವು ಮಾತು ಬರೆದಿಟ್ಟುಕೊಳ್ಳಿ:

ತಾಮ್ರದ ಬಿಂದಿಗೆಯಲ್ಲಿ ಕುಡಿಯುವ ನೀರು ಇಡಬಹುದು. ಕಿಲುಬು ಕಟ್ಟದಂತೆ ಬೆಳಗಿ, ಚೆನ್ನಾಗಿ ತೊಳೆಯಿರಿ. ಹಾಲು, ಮಜ್ಜಿಗೆ, ನಿಂಬೆರಸ, ಹುಣಸೆ ಹುಳಿ ಹಾಕಿದ ಸಾರು ಮಾತ್ರ ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯಲ್ಲಿ ಬೇಡವೇ ಬೇಡ. ವಿಲ್ಸನ್ ಕಾಯಿಲೆ ಇರುವವರಿಗೆ ತಾಮ್ರ ಮೈಯಲ್ಲಿ ಉಳಿದುಬಿಡುತ್ತದೆ. ಅವರು ಈ ಪಾತ್ರೆ ಬಳಸಬಾರದು.

ಅಯೋಡಿನ್ ಉಪ್ಪನ್ನು ಮುಚ್ಚಳವಿರುವ ಡಬ್ಬಿಯಲ್ಲಿಡಿ, ಒಲೆಯ ಪಕ್ಕ ಇಡಬೇಡಿ. ಉಪ್ಪನ್ನು ಅಡಿಗೆಯ ಕೊನೆಗೆ ಹಾಕುವುದು ಒಳ್ಳೆಯದು. ಬಸುರಿಯರಿಗೆ ಅಯೋಡಿನ್ ಕಡಿಮೆಯಾದರೆ ಹುಟ್ಟುವ ಮಗುವಿನ ಬುದ್ಧಿಗೇ ಪೆಟ್ಟು.

ನಮ್ಮ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು, ಗಂಡಸರಿಗೆ 19 ಸಾಕು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕ. ಹೆಚ್ಚು ಬೇಕಾದವರೇ ಕೊನೆಗೆ ಉಳಿದದ್ದು ಉಣ್ಣುತ್ತೇವೆ, ಅಲ್ಲವೇ? ಸೊಪ್ಪು ಕಾಳಿನ ಜೊತೆ ನಿಂಬೆಹಣ್ಣು ಇರಲಿ. ಊಟದ ಜೊತೆಗೇ ಕಾಫಿ ಟೀ ಬೇಡ, ಒಂದು ಗಂಟೆ ಕಳೆಯಲಿ.

ಕೊಳವೆಬಾವಿ ನೀರು ಕುಡಿಯುವವರು ಫ್ಲೋರೈಡ್ ಪರೀಕ್ಷೆ ಮಾಡಿಸಿ. ಪಾವಗಡದ ಕಡೆಯವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಅದು ಹೋಗುವುದಿಲ್ಲ.

ಇನ್ನು ಸತುವಿನ ಮಾತ್ರೆ, ತಾಮ್ರದ ಭಸ್ಮ ಇವನ್ನು ವೈದ್ಯರು ಹೇಳದೆ ನುಂಗಬೇಡಿ. ಬಹಳ ದಿನ ಸತುವು ಹೆಚ್ಚಾಗಿ ತೆಗೆದುಕೊಂಡರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ. ಎಳ್ಳು, ಕಡಲೆಕಾಯಿ, ಕಾಳು, ರಾಗಿಯಲ್ಲಿ ಇವೆಲ್ಲ ಹದವಾಗಿ ಸಿಗುತ್ತವೆ. ಕಾಳು, ರಾಗಿಯನ್ನು ಮೊಳಕೆ ಬರಿಸಿದರೆ ಅದರಲ್ಲಿನ ಕಬ್ಬಿಣ, ಸತುವು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ.

ಆ ಭಾನುವಾರ ಕಳೆದು ಮೂರನೇ ದಿನ ನಾನೇ ಎದುರು ಮನೆಗೆ ಹೋದೆ. ತಿಥಿಯ ದಿನದ ತಲೆನೋವಿನ ಕಥೆಯನ್ನು ಅಕ್ಕನಿಗೆ ಹೇಳಿಬಿಟ್ಟೆ. "ಗೊತ್ತಿತ್ತು ಕಣಮ್ಮ. ಅವತ್ತು ಸಾಯಂಕಾಲ ನೀನು ಅಂಗಳದಲ್ಲಿ ಬಟ್ಟೆ ತೆಗೀತಿದ್ದೆಯಲ್ಲ" ಎಂದರು. ನನಗೆ ಬಾಯಿ ಬರಲಿಲ್ಲ. ಅವರು ಒಳಗೆ ಹೋಗಿ ಕೋಸಂಬರಿ ತಂದು ಮುಂದಿಟ್ಟರು. ತಿಂದೆ, ಕಾಫಿಯನ್ನೂ ಕೇಳಿ ಕುಡಿದೆ. ಆ ಕೋಸಂಬರಿಯನ್ನೇ ನಿಮಗೂ ಹೇಳುತ್ತೇನೆ.

ಮೊಳಕೆ ಹೆಸರುಕಾಳಿನ ಕೋಸಂಬರಿ: ಒಂದು ಲೋಟ ಹೆಸರುಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮಾರನೇ ದಿನಕ್ಕೆ ಮೊಳಕೆ ಬಂದಿರುತ್ತದೆ. ತೊಳೆದು ಐದು ನಿಮಿಷ ಹಬೆಯಲ್ಲಿ ಬೇಯಿಸಿ. ಆರಿದ ಮೇಲೆ ಒಂದು ಕ್ಯಾರೆಟ್ ತುರಿ, ಎರಡು ಚಮಚ ತೆಂಗಿನ ತುರಿ, ಹೆಚ್ಚಿದ ಕೊತ್ತಂಬರಿ ಸೊಪ್ಪು ಬೆರೆಸಿ. ಸಾಸಿವೆ, ಇಂಗು, ಹಸಿಮೆಣಸಿನಕಾಯಿ ಒಗ್ಗರಣೆ ಕೊಡಿ. ಬಡಿಸುವ ಮುಂಚೆ ಉಪ್ಪು, ಅರ್ಧ ಹೋಳು ನಿಂಬೆರಸ. ಹಲ್ಲಿಲ್ಲದ ಹಿರಿಯರಿಗೆ ಸ್ವಲ್ಪ ಹೆಚ್ಚು ಬೇಯಿಸಿ ಮಸೆದು ಕೊಡಿ.

ಅಕ್ಕನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಮಾತು ಮುಗಿಯುವ ಹಂತಕ್ಕೆ ಬಂದಿದ್ದ ಒಂದು ಸಂಬಂಧ ಈ ಸುದ್ದಿಯಿಂದ ಅಲ್ಲೇ ನಿಂತಿದೆ. ವಂಶದಿಂದ ಬರುವ ಬಗೆಯಲ್ಲವೆಂದು ಆಸ್ಪತ್ರೆಯವರು ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ. ಗಂಡಿನ ಮನೆಯವರು ನಮ್ಮವರ ದೂರದ ನೆಂಟರು. ಬರುವ ವಾರ ನಾವಿಬ್ಬರೂ ಆ ಕಾಗದ ಹಿಡಿದು ಅವರ ಮನೆಗೆ ಹೋಗುತ್ತಿದ್ದೇವೆ. ಒಪ್ಪುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಗೊತ್ತಿದ್ದೂ ನಾನು ಸುಮ್ಮನಿದ್ದೆ ಎಂದು ಮಾತ್ರ ಆಗಬಾರದು.

ಗುಜರಿಯವನ ಹತ್ತಿರ ಹೋಗಿ ಬಿಂದಿಗೆಯನ್ನೂ ವಿಚಾರಿಸಿದೆ. ಅದು ಆಗಲೇ ಕರಗಿ ಹೋಗಿದೆಯಂತೆ.

ನಿಮ್ಮ ಬೀದಿಯಲ್ಲೂ ಹೀಗೆ ಎಲೆ ಖಾಲಿ ಉಳಿದ ಮನೆಯೊಂದಿದ್ದರೆ, ಈ ವಾರ ಒಮ್ಮೆ ಹೋಗಿ ಕೂತು ಕಾಫಿ ಕುಡಿದು ಬನ್ನಿ. ಮುಂದಿನ ಸಂಚಿಕೆಯಲ್ಲಿ ಹಪ್ಪಳದೊಂದಿಗೆ ಸಿಗೋಣ.

ಇಂತಿ ನಿಮ್ಮ ಸೋದರಿ.